ಕಂತ್ರಿ ನಾಯಿ, ಜಾತಿ ನಾಯಿ

ನಾಯಿಗಳಲ್ಲಿ ‘ಜಾತಿ ನಾಯಿ’, ‘ಕಂತ್ರಿ ನಾಯಿ’ ಎಂಬ ಭೇದವನ್ನು ನಾವು ಕನ್ನಡಿಗರು ಬಹುಕಾಲದಿಂದ ಎಣಿಸುತ್ತ ಬಂದಿದ್ದೇವೆ. ‘ಕಂತ್ರಿ’ ಎಂಬುದು ಇಂಗ್ಲಿಷಿನ ‘ಕಂಟ್ರಿ’ಯಿಂದ ಬಂದ ಮಾತು, ನಾಡಿನದು ಎಂಬಷ್ಟೇ ಅದರ ಮೂಲಾರ್ಥ. ನಾಡಿನದೆಂಬ ಮಾತು ಬೈಗುಳವಾಗಿ ಮಾರ್ಪಟ್ಟುದು ನಮ್ಮ ಬುದ್ಧಿಗೆ ಭೂಷಣವಲ್ಲ. ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೆ ನಡೆದ ನಾಯಿಯ ತಳಿ ಯಾವುದೆಂದು ವ್ಯಾಸರು ವಿಚಾರಿಸಲಿಲ್ಲವಷ್ಟೆ!

ಈ ಮಾತನ್ನೆತ್ತಲು ಕಾರಣವುಂಟು. ಮುಂಬಯಿಯಲ್ಲಿ ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿಯೂ ಚಿಕ್ಕ ನಾಯಿಯೊಂದನ್ನು ಸಾಕುವ ಆಸೆ ಹಬ್ಬಿದೆ. 1994ರ ‘ಹಮ್ ಆಪ್‌ಕೆ ಹೈ ಕೌನ್’ ಚಿತ್ರದ ಟಫಿಯನ್ನು ಇವರ ತಂದೆತಾಯಿಗಳು ಇನ್ನೂ ಮರೆತಿಲ್ಲ. ಆ ಬಿಳಿಯ ನಾಯಿಯನ್ನು ಜನರು ಪಾಮೇರಿಯನ್ ಎಂದೇ ಕರೆಯುವರು. ವಾಸ್ತವದಲ್ಲಿ ಅದು ಇಂಡಿಯನ್ ಸ್ಪಿಟ್ಜ್. ಅದಕ್ಕೂ ಬೀದಿನಾಯಿಗೂ ಹುಟ್ಟಿದ ಬೆರಕೆ ಮರಿಗಳು ಈ ನಗರದಲ್ಲಿ ಹೇರಳ. ಸಾವಿರಾರು ರೂಪಾಯಿ ತೆತ್ತು ಜಾತಿ ನಾಯಿಯನ್ನು ಕೊಳ್ಳುವ ಬದಲು ಇಂಥ ಮರಿಯೊಂದಕ್ಕೆ ಆಶ್ರಯ ಕೊಡುವುದು ಮೇಲೆಂಬುದೇ ನಮ್ಮ ಮತ.

ಆದರೆ ಕಣ್ಣುಮುಚ್ಚಿ ಹೊಗಳಲಾರೆವು. ಬೆರಕೆ ನಾಯಿಗೆ ರೋಗವೇ ಬಾರದೆಂಬ ನಂಬಿಕೆ ತಪ್ಪು. ಕೆಲವು ವಂಶಪಾರಂಪರ್ಯ ರೋಗಗಳ ಸಂಭವ ಕಡಿಮೆಯಾಗಬಹುದು, ಅಷ್ಟೇ. ಒಂದೇ ಸೂಲಿನ ಮರಿಗಳಲ್ಲಿ ಒಂದು ತಾಯಿಯಂತೆ, ಮತ್ತೊಂದು ತಂದೆಯಂತೆ ಆಗುವುದುಂಟು. ಅಂಗೈಯಲ್ಲಿ ಹಿಡಿಸುವ ಮರಿ ನಾಳೆ ಎಷ್ಟು ಬೆಳೆದೀತೆಂದು ಯಾರೂ ಖಚಿತವಾಗಿ ಹೇಳಲಾರರು. ಸ್ಪಿಟ್ಜ್ ರಕ್ತವಿದ್ದ ನಾಯಿ ಬಲು ಎಚ್ಚರದ ಪ್ರಾಣಿ. ಜಿನೆಯಲ್ಲಿ ಹೆಜ್ಜೆಯ ಸಪ್ಪಳವಾದರೆ ಸಾಕು, ಬೊಗಳುವುದು. ಗೋಡೆಗೆ ಗೋಡೆ ತಾಗಿದ ಚಾಳಿನಲ್ಲಿ ನೆರೆಯವರ ಸಹನೆಯನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಅದರ ಮೈಗೆ ಎರಡು ಪದರದ ಕೂದಲು. ಸೆಕೆಯೆಂದು ಅದನ್ನು ಬೋಳಿಸತಕ್ಕದ್ದಲ್ಲ. ಬಾಚಿ, ನೆರಳೂ ನೀರೂ ಒದಗಿಸಿದರಾಯಿತು. ನಾಯಿ ನಮ್ಮಂತೆ ಮೈಯೆಲ್ಲ ಬೆವರದು, ನಾಲಗೆ ಚಾಚಿ ತೇಕುತ್ತಲೇ ತಣಿಯುವುದು. ಆದುದರಿಂದ ಮೇ ತಿಂಗಳ ನಡುಹಗಲಿನಲ್ಲಿ ಡಾಂಬರಿನ ಮೇಲೆ ನಡೆಸುವುದು ಕ್ರೌರ್ಯವೇ ಸರಿ. ಚಿಕ್ಕ ನಾಯಿಗಳ ಶ್ವಾಸನಾಳ ನಾಜೂಕು. ಕೊರಳಿಗೆ ಬಿಗಿಯುವ ಪಟ್ಟಿಗಿಂತ ಎದೆಗೆ ತೊಡಿಸುವ ಪಟ್ಟಿ ಲೇಸು. ಅವುಗಳ ಹಲ್ಲೂ ಬೇಗ ಕೆಡುತ್ತದೆ. ಪ್ರೀತಿಯಿಂದ ಚಾಕಲೇಟು, ದ್ರಾಕ್ಷಿ ಕೊಡುವ ಮಕ್ಕಳು ಅವು ನಾಯಿಗೆ ವಿಷವೆಂಬುದನ್ನು ತಿಳಿದಿರಬೇಕು. ಈರುಳ್ಳಿ, ಬೆಳ್ಳುಳ್ಳಿಯೂ ಸಲ್ಲವು. ಹೀಗಾಗಿ ನಮ್ಮ ಸಾರು, ಹುಳಿಯ ಅನ್ನ ಅದರ ಊಟವಲ್ಲ. ಮಳೆಗಾಲದ ಕೊಳಚೆನೀರಿನಲ್ಲಿ ಇಲಿಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ರೋಗವು ಮನುಷ್ಯರನ್ನೂ ನಾಯಿಗಳನ್ನೂ ಬಿಡದು. 2005ರ ಜುಲೈ 26ರ ಮಹಾಪೂರದ ತರುವಾಯ ಮುಂಬಯಿ ಅದನ್ನು ಚೆನ್ನಾಗಿ ಕಂಡಿದೆ. ಅದಕ್ಕೂ ನಾಯಿಗೆ ಲಸಿಕೆಯುಂಟು.

ಇನ್ನು ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ: ಬೇಸಗೆಯ ರಜೆಯಲ್ಲಿ ನಾಯಿಯ ಗತಿಯೇನು? ನಮ್ಮ ಕುಟುಂಬಗಳು ಮೇ ತಿಂಗಳಲ್ಲಿ ಬೀಗ ಹಾಕಿ ಊರಿಗೆ ಹೊರಡುತ್ತವೆ. ರೈಲಿನ ಸ್ಲೀಪರ್ ಡಬ್ಬಿಯಲ್ಲಿ ನಾಯಿಯನ್ನು ಒಯ್ಯುವಂತಿಲ್ಲ. ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಕಳುಹಿಸಬಹುದಾದರೂ ಆ ಸೆಕೆಯಲ್ಲಿ ರಾತ್ರಿಯಿಡೀ ಅದು ಪಡುವ ಪಾಡನ್ನು ಯೋಚಿಸಿರಿ. ‘ನಾಲ್ಕು ವಾರ ಚಾಳಿನವರು ನೋಡಿಕೊಳ್ಳುತ್ತಾರೆ’ ಎಂದು ಬಿಟ್ಟುಹೋದ ನಾಯಿ, ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗಳ ಎದುರು ಒಂದು ದಿನವೂ ನಿಲ್ಲಲಾರದು. ಚಿಕ್ಕ ನಾಯಿ ಹನ್ನೆರಡು, ಹದಿನಾಲ್ಕು ವರ್ಷ ಬಾಳಬಹುದು. ಅಷ್ಟು ಬೇಸಗೆಗಳಿಗೂ ಉತ್ತರ ಸಿದ್ಧವಿಲ್ಲದ ಮನೆಯವರು ಮರಿಯನ್ನು ತಾರದಿರುವುದೇ ಅದಕ್ಕೆ ಮಾಡುವ ಉಪಕಾರ. ಐದನೆಯ ಇಯತ್ತೆಯ ಹುಡುಗನ ಹಟಕ್ಕೆ ತಂದ ನಾಯಿ, ಆತ ಕಾಲೇಜಿಗೆ ಹೋಗುವಾಗಲೂ ಬೆಳಗ್ಗೆ ಕೆಳಗಿಳಿಯಲು ಬಾಗಿಲಲ್ಲಿ ಕಾಯುತ್ತಿರುತ್ತದೆ. ಆಗ ಅದನ್ನು ಕರೆದೊಯ್ಯುವವರು ಬಹುಶಃ ತಾಯಂದಿರೇ!

ಹುಚ್ಚುನಾಯಿ ರೋಗದ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಮರಿಗೆ ಮೂರು ತಿಂಗಳಾದೊಡನೆ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಮುಂದಿನವು. ಬೆರಕೆಯಾದರೂ ಜಾತಿಯಾದರೂ ಇದಕ್ಕೆ ವಿನಾಯಿತಿಯಿಲ್ಲ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಅರಿಶಿನ, ಮೆಣಸಿನಪುಡಿಗಳನ್ನು ಮೆತ್ತಬಾರದು. ರೋಗದ ಲಕ್ಷಣ ತೋರಿದ ಮೇಲೆ ಬದುಕುಳಿಯುವುದು ಅತಿ ವಿರಳ. ಪೆಟ್ಟು ತಿನ್ನಬೇಕಾದೀತೆಂದು ಹೆದರಿ ಕಚ್ಚಿದ್ದನ್ನು ಮುಚ್ಚಿಡುವ ಮಕ್ಕಳಿರುತ್ತಾರೆ. ತಂದೆತಾಯಿಗಳೇ, ಅಂಥ ಸಮಯದಲ್ಲಿ ಗದರಿಸಬೇಡಿರಿ.

1885ರ ಜುಲೈ 6ರಂದು ಲೂಯಿ ಪಾಶ್ಚರನು ತನ್ನ ಲಸಿಕೆಯನ್ನು ಮೊದಲು ಕೊಡಿಸಿದ್ದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ. ನಮ್ಮ ನಾಲ್ಕನೆಯ ಇಯತ್ತೆಯ ಮಕ್ಕಳ ವಯಸ್ಸು. ಪಾಶ್ಚರನು ತೀರಿಕೊಂಡ ಸಪ್ಟಂಬರ್ 28ನ್ನು ವಿಶ್ವ ರೇಬೀಸ್ ದಿನವಾಗಿ ಆಚರಿಸುತ್ತಾರೆ. ಮುಂದಿನ ವರ್ಷ ಆ ದಿನದಂದು ವಿಜ್ಞಾನದ ಒಂದು ತಾಸನ್ನು ಇದಕ್ಕೆಂದೇ ಮೀಸಲಿಟ್ಟು, ಹತ್ತಿರದ ಪಶುವೈದ್ಯರೊಬ್ಬರನ್ನು ಶಾಲೆಗೆ ಕರೆಸಬೇಕೆಂದು ನಮ್ಮ ಸೂಚನೆ.