ಯಂತ್ರದ ಊಹೆ, ವಿದ್ಯಾರ್ಥಿಯ ಅಳತೆ

ಕೃತಕ ಬುದ್ಧಿಮತ್ತೆ, ಜೀವವಿಜ್ಞಾನ ಹಾಗೂ ಎಂಜಿನಿಯರಿಂಗ್‌ಗಳನ್ನು ಒಂದೇ ಪಾಠಕ್ರಮದಲ್ಲಿ ಬೋಧಿಸುವ ವಿಶ್ವವಿದ್ಯಾಲಯವು ವಿದ್ಯಾರ್ಥಿಯನ್ನು ಮೊದಲು ಎಲ್ಲಿಗೆ ಕರೆದೊಯ್ಯಬೇಕು? ಗಣಕಯಂತ್ರದ ಬಳಿಗೆಂದು ಹಲವರು ಹೇಳಿಯಾರು. ಪ್ರಯೋಗಶಾಲೆಗೆಂಬುದು ನಮ್ಮ ಅಭಿಪ್ರಾಯ.

ಪ್ರೋಟೀನೆಂಬುದು ಅಮೈನೋ ಆಮ್ಲಗಳ ಸರಪಣಿ. ಅದು ಮಡಿಚಿಕೊಂಡು ತಳೆಯುವ ಆಕಾರವೇ ಬಹುಮಟ್ಟಿಗೆ ಅದರ ಕಾರ್ಯವನ್ನು ನಿರ್ಧರಿಸುತ್ತದೆ. 2020ರಲ್ಲಿ ಆಲ್ಫಾಫೋಲ್ಡ್ 2 ಎಂಬ ಗಣಕವ್ಯವಸ್ಥೆಯು ಈ ಆಕಾರಗಳನ್ನು ಊಹಿಸಿ ವಿಜ್ಞಾನಿಗಳನ್ನೇ ಬೆರಗುಗೊಳಿಸಿತು. ಅದನ್ನು ರೂಪಿಸಿದ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಿಕದಲ್ಲಿ ಪಾಲು ಪಡೆದರು. ಆದರೆ ಆ ಯಂತ್ರಕ್ಕೆ ಗುರುಗಳು ಯಾರು? ಹರಳು ಬೆಳೆಸಿ, ಕ್ಷ-ಕಿರಣ ಹಾಯಿಸಿ, ಒಂದೊಂದೇ ರಚನೆಯನ್ನು ಅರಿತ ಪ್ರಯೋಗಕಾರರು. 1971ರಲ್ಲಿ ಆರಂಭವಾದ ಪ್ರೋಟೀನ್ ದತ್ತಾಂಶ ಭಂಡಾರದಲ್ಲಿ ಅವರು ಕೂಡಿಟ್ಟ ಲಕ್ಷಕ್ಕೂ ಮಿಕ್ಕ ರಚನೆಗಳೇ ಅದಕ್ಕೆ ಪಠ್ಯವಾದವು. 1963ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಪ್ರಕಟಿಸಿದ ಕೋನಗಳ ನಕ್ಷೆಯು ಇಂದಿಗೂ ಇಂಥ ರಚನೆಗಳಿಗೆ ಒರೆಗಲ್ಲಾಗಿದೆ.

ತಾನೇ ಅಳೆದು ನೋಡದವನು ಊಹೆಯನ್ನು ಸತ್ಯವೆಂದು ಭ್ರಮಿಸುವನು. ನಾಳೆ ಔಷಧಿಗಳನ್ನು ರೂಪಿಸುವವನು ಅವನೇ ಅಲ್ಲವೆ? ಆದುದರಿಂದ ಒಂದು ಪ್ರೋಟೀನನ್ನಾದರೂ ಸ್ವತಃ ಶುದ್ಧೀಕರಿಸಿ, ಯಂತ್ರದ ಉತ್ತರವನ್ನು ತನ್ನ ಅಳತೆಯೊಡನೆ ಹೋಲಿಸದ ವಿದ್ಯಾರ್ಥಿಗೆ ಈ ಪಾಠಕ್ರಮದಲ್ಲಿ ತೇರ್ಗಡೆ ದೊರೆಯಬಾರದು.