ಬಿಎ ಅರ್ಥಶಾಸ್ತ್ರಕ್ಕೆ ಗಣಿತದ ತಳಪಾಯ
ಕರ್ನಾಟಕದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಆದರೆ ವಿಶ್ವವಿದ್ಯಾಲಯಗಳ ಬಿಎ ಅರ್ಥಶಾಸ್ತ್ರವನ್ನು ಕಾಡುತ್ತಿರುವ ಹಳೆಯ ಕೊರತೆ ನೀಗಿಲ್ಲ. ಪಿಯುಸಿಯಲ್ಲಿ ಕಲಾ ವಿಭಾಗ ಓದಿ, ಇತಿಹಾಸ, ರಾಜ್ಯಶಾಸ್ತ್ರದ ಜೊತೆಗೆ ಅರ್ಥಶಾಸ್ತ್ರ ಆಯ್ದುಕೊಂಡ ಹೆಚ್ಚಿನವರಿಗೆ ಎಸ್‌ಎಸ್‌ಎಲ್‌ಸಿ ಬಳಿಕ ಗಣಿತದ ನಂಟೇ ಇರುವುದಿಲ್ಲ. ಬೇಡಿಕೆ ರೇಖೆಯನ್ನೇನೋ ಬಿಡಿಸುತ್ತಾರೆ. ಬೆಲೆ ಶೇ 10ರಷ್ಟು ಏರಿ ಬೇಡಿಕೆ ಶೇ 4ರಷ್ಟು ಇಳಿದರೆ ಸ್ಥಿತಿಸ್ಥಾಪಕತ್ವ 0.4 ಎಂದು ಲೆಕ್ಕ ಹಾಕುವಲ್ಲಿ ಪೆನ್ನು ತಡವರಿಸುತ್ತದೆ. ಎಂಎ ತರಗತಿಯಲ್ಲಿ ಗಣಿತ, ಸಂಖ್ಯಾಶಾಸ್ತ್ರವನ್ನೇ ಆಧರಿಸಿದ ಇಕನಾಮೆಟ್ರಿಕ್ಸ್ ಎದುರಾದಾಗ ಜಾಣ ಮಕ್ಕಳೂ ಕಂಗಾಲಾಗುತ್ತಾರೆ; ಇದು ಅವರ ತಪ್ಪಲ್ಲ. ಮೊದಲ ಎರಡು ಸೆಮಿಸ್ಟರ್‌ಗಳಲ್ಲೇ ಗಣಿತ, ಸಂಖ್ಯಾಶಾಸ್ತ್ರವನ್ನು ಕನ್ನಡದಲ್ಲಿ, ಈರುಳ್ಳಿ ಧಾರಣೆ, ರಾಗಿಯ ಬೆಂಬಲ ಬೆಲೆಯ ಲೆಕ್ಕಗಳ ಮೂಲಕ ಕಲಿಸಬೇಕು. ಈ ಹೊಣೆಯನ್ನೂ ಅತಿಥಿ ಉಪನ್ಯಾಸಕರ ಹೆಗಲಿಗೇ ಹೊರಿಸಕೂಡದು. ಸರ್ಕಾರ ಕಾಯಂ ಅಧ್ಯಾಪಕರನ್ನು ನೇಮಿಸಲಿ.