ಹಳೆ ಬಟ್ಟೆಯ ಹೊಸ ಉಡುಗೊರೆ



ಬೇಸಿಗೆ ರಜೆ ಬಂತೆಂದರೆ ಪ್ರತಿ ಮನೆಯಲ್ಲೂ ಎರಡು ಮಾತು ಕೇಳಿಸುತ್ತವೆ. "ಬೇಜಾರಾಗ್ತಿದೆ" ಎಂಬುದು ಮಕ್ಕಳ ಮಾತು. "ಆ ಮೊಬೈಲ್ ಕೆಳಗಿಡು" ಎಂಬುದು ತಾಯಂದಿರ ಮಾತು. ಇದರ ಜೊತೆಗೆ ಮದುವೆಗಳು, ತೊಟ್ಟಿಲ ಕಾರ್ಯಗಳು. ಈಗಿನ ವರ್ಷಗಳಲ್ಲಿ ಬಕ್ರೀದ್ ಕೂಡಾ ರಜೆಯ ಬೆನ್ನಿಗೇ ಬರುತ್ತಿದೆ. ಯಾರಿಗೆ ಏನು ಕೊಡುವುದು, ಎಷ್ಟರೊಳಗೆ ಕೊಡುವುದು ಎಂದು ಲೆಕ್ಕ ಹಾಕುವಷ್ಟರಲ್ಲಿ ಕೈಯಲ್ಲಿದ್ದ ಹಣ ಕರಗಿರುತ್ತದೆ. ಅದಕ್ಕೇ ಈ ತಿಂಗಳು ಮನೆಯಲ್ಲಿರುವ ಹಳೆ ಬಟ್ಟೆ, ಸೂಜಿ, ದಾರಗಳಿಂದಲೇ ಮಾಡಬಹುದಾದ ಮೂರು ಉಡುಗೊರೆಗಳನ್ನು ಹೇಳಿಕೊಡುತ್ತೇನೆ. ಅದಕ್ಕೂ ಮೊದಲು ನನ್ನ ತವರಿನ ಒಂದು ಮಾತು.

ನನ್ನ ತವರು ಹಿರಿಯೂರು ತಾಲೂಕಿನ ಯಲ್ಲದಕೆರೆ. ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯ ಬಿಸಿಲು ಎಂಥದ್ದೆಂದು ಕಂಡವರಿಗೇ ಗೊತ್ತು. ಕಳೆದ ರಜೆಯಲ್ಲಿ ಹೋಗಿದ್ದಾಗ ನನ್ನ ಅಮ್ಮಿ ಪಡಸಾಲೆಯಲ್ಲಿ ಕುಳಿತು ಒಂದು ಪುಟ್ಟ ಕೌದಿ ಹೊಲಿಯುತ್ತಿದ್ದರು. ಭಾಬಿಯ ತಂಗಿಗೆ ಹೆರಿಗೆಯಾಗಿತ್ತು. ಆ ಮಗುವಿಗೆಂದು ಸಿದ್ಧವಾಗುತ್ತಿದ್ದ ಕೌದಿ ಅದು. ತಳಕ್ಕೆ ಅಮ್ಮಿಯದೇ ಒಂದು ಸವೆದ ಹತ್ತಿ ಸೀರೆ, ನಡುವೆ ತೀರಿಹೋದ ಅಬ್ಬಾನ ಲುಂಗಿ, ಮೇಲೆ ಭಾಬಿ ಹೊಲಿಗೆ ಯಂತ್ರದ ಬುಡದಿಂದ ಆರಿಸಿಕೊಟ್ಟ ಚೂರುಗಳು.

ಎಂಟನೇ ತರಗತಿ ಮುಗಿಸಿದ್ದ ಅಣ್ಣನ ಮಗಳು ಮಾತ್ರ ಮುಖ ಸಿಂಡರಿಸಿಕೊಂಡು ಕುಳಿತಿದ್ದಳು. "ಫುಪ್ಪೂ, ನಾನು ಇದನ್ನ ಹಿಡ್ಕೊಂಡು ಖಾಲಾ ಮನೆಗೆ ಹೋಗಲ್ಲ. ಎಲ್ಲರೂ ಜಿಪ್ ಇರೋ ಹೊಸ ಬ್ಲಾಂಕೆಟ್ ತಂದಿರ್ತಾರೆ. ನಾವು ಹಳೆ ಬಟ್ಟೆದು ಕೊಟ್ರೆ ಏನಂತಾರೆ?" ಎಂದಳು.

ಅಮ್ಮಿಯ ಸೂಜಿ ಒಂದು ಕ್ಷಣ ನಿಂತಿತು. ಅವರು ಏನೂ ಹೇಳಲಿಲ್ಲ. ಮತ್ತೆ ಹೊಲಿಯತೊಡಗಿದರು.

ಸಹೋದರಿಯರೇ, ಆ ಹುಡುಗಿಯನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಅವಳಾಡಿದ್ದು ನಮ್ಮೆಲ್ಲರ ಮನಸ್ಸಿನೊಳಗಿರುವ ಮಾತೇ. ಉಡುಗೊರೆಯ ಬೆಲೆಯನ್ನು ನಾವು ಡಬ್ಬಿಯ ಮೇಲಿನ ಚೀಟಿಯಲ್ಲಿ ಹುಡುಕುತ್ತೇವೆ. ಕೈಯಿಂದ ಮಾಡಿದ್ದನ್ನು ಕೊಟ್ಟರೆ 'ಇವರಿಗೆ ಕೊಳ್ಳಲು ಶಕ್ತಿ ಇಲ್ಲ' ಎಂದುಕೊಂಡಾರು ಎಂದು ಅಂಜುತ್ತೇವೆ.

ಆ ರಾತ್ರಿ ಅವಳಿಗೆ ನಾನು ಹೇಳಿದ್ದು ಹದೀಸ್‌ನಲ್ಲಿ ಬಂದಿರುವ ಒಂದು ಘಟನೆ. ಸಹಲ್ ಬಿನ್ ಸಅದ್(ರ) ಅವರು ಅದನ್ನು ವರದಿ ಮಾಡಿದ್ದಾರೆ. ಒಬ್ಬ ಮಹಿಳೆ ತಾನೇ ಕೈಯಾರೆ ನೇಯ್ದ ಅಂಚುಳ್ಳ ಹೊದಿಕೆಯೊಂದನ್ನು ಪ್ರವಾದಿವರ್ಯರಿಗೆ(ಸ) ತಂದುಕೊಟ್ಟರು. ಅವರು(ಸ) ಅದನ್ನು ಸ್ವೀಕರಿಸಿದರು. ಅವರಿಗೆ ಅದರ ಅಗತ್ಯವೂ ಇತ್ತು. ಅದನ್ನೇ ಉಟ್ಟು ಹೊರಗೆ ಬಂದರು. ಸಹಾಬಿಗಳಲ್ಲೊಬ್ಬರು ಅದನ್ನು ಮೆಚ್ಚಿ ಕೇಳಿದಾಗ ಬಿಚ್ಚಿ ಕಳಿಸಿಕೊಟ್ಟರು. ಕೇಳಿದವರು ಅದನ್ನು ತಮ್ಮ ಕಫನ್‌ಗೆಂದು ಇಟ್ಟುಕೊಂಡರು, ಕೊನೆಗೆ ಅದೇ ಅವರ ಕಫನ್ ಆಯಿತು. ಆ ಮಹಿಳೆಯ ಹೆಸರು ಅದರಲ್ಲಿ ಬಂದಿಲ್ಲ. ಆದರೆ 'ನನ್ನ ಕೈಯಿಂದಲೇ ನೇಯ್ದೆ' ಎಂದು ಆಕೆ ಹೇಳಿಕೊಂಡದ್ದು ಬಂದಿದೆ. ಹೇಳಿಕೊಳ್ಳಲು ಆಕೆಗೆ ನಾಚಿಕೆಯಾಗಿರಲಿಲ್ಲ ನೋಡಿ.

ಹುಡುಗಿ ಕೇಳಿ ಸುಮ್ಮನಾದಳು. ಮರುದಿನ ಬೆಳಗ್ಗೆ ದಾದಿಯ ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿಕೊಡತೊಡಗಿದಳು. ಅಮ್ಮಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಸಂಜೆಯ ಹೊತ್ತಿಗೆ ಒಂದು ಅಂಚನ್ನು ತಾನೇ ಹೊಲಿದಿದ್ದಳು. ಅವಳ ಹೊಲಿಗೆ ಅಡ್ಡಾದಿಡ್ಡಿಯಾಗಿತ್ತು. ಅಮ್ಮಿ ಅದನ್ನು ಬಿಚ್ಚಲಿಲ್ಲ.

ಒಂದನೆಯದು: ಮಗುವಿನ ಕೌದಿ

ಬೇಕಾಗುವುದು: ಮೆತ್ತಗಾದ ಹತ್ತಿ ಸೀರೆ, ಲುಂಗಿ ಅಥವಾ ಪಂಚೆ, ಬಣ್ಣದ ಹತ್ತಿ ಚೂರುಗಳು, ದಪ್ಪ ಹತ್ತಿ ದಾರ, ಉದ್ದ ಸೂಜಿ. ಎಲ್ಲ ಬಟ್ಟೆಯನ್ನೂ ಮೊದಲೇ ಬಿಸಿನೀರಿನಲ್ಲಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ. ಹೊಸ ಚೂರುಗಳು ಒಗೆದಾಗ ಕುಗ್ಗುತ್ತವೆ, ಬಣ್ಣವನ್ನೂ ಬಿಡುತ್ತವೆ. ಆದ್ದರಿಂದ ಹೊಲಿಯುವ ಮೊದಲೇ ಒಗೆಯಬೇಕು.

ರಟ್ಟಿನಲ್ಲಿ 5 ಇಂಚಿನ ಚೌಕವೊಂದನ್ನು ಕತ್ತರಿಸಿ, ಅದರ ಅಳತೆಗೆ 81 ಚೂರುಗಳನ್ನು ಕತ್ತರಿಸಿ. ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಬಿಟ್ಟು ಸಾಲಿಗೆ 9ರಂತೆ ಜೋಡಿಸಿ, 9 ಸಾಲುಗಳನ್ನು ಒಂದಕ್ಕೊಂದು ಸೇರಿಸಿ. ಆಗ 37 ಇಂಚು ಚೌಕದ ಮೇಲ್ಪದರ ಸಿಗುತ್ತದೆ. ತಳದ ಸೀರೆಯನ್ನು 40 ಇಂಚು ಚೌಕಕ್ಕೆ ಕತ್ತರಿಸಿ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ. ಅದರ ಮೇಲೆ ನಡುಪದರದ ಲುಂಗಿ, ಅದರ ಮೇಲೆ ಚೂರುಗಳ ಪದರ. ನಡುವಿನಿಂದ ಹೊರಕ್ಕೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಮೂರನ್ನೂ ಹಿಡಿದು ನಿಲ್ಲಿಸಿ. ತಳದ ಬಟ್ಟೆಯ ಹೆಚ್ಚುವರಿ ಅಂಚನ್ನು ಮೇಲಕ್ಕೆ ಮಡಚಿ ಸುತ್ತಲೂ ಹೊಲಿದುಬಿಡಿ.

ಇನ್ನು ಕೌದಿಯ ಹೊಲಿಗೆ. ಅಂಚಿನಿಂದ ಶುರುಮಾಡಿ ಚೌಕದೊಳಗೆ ಚೌಕ ಬರುವಂತೆ ಒಳಮುಖವಾಗಿ ಸಾದಾ ಓಟದ ಹೊಲಿಗೆ ಹಾಕುತ್ತಾ ಹೋಗಿ. ಸಾಲಿನಿಂದ ಸಾಲಿಗೆ ಒಂದು ಇಂಚು ಸಾಕು. ನಡುವಿಗೆ ಬಂದಾಗ ಕೌದಿ ಮುಗಿದಂತೆ. ಕೊನೆಗೆ ಕಚ್ಚಾ ಹೊಲಿಗೆ ಬಿಚ್ಚಿ.

ಎರಡು ಎಚ್ಚರಿಕೆ. ಜರಿ, ಮಣಿ, ಚಮಕಿ, ಗುಂಡಿ ಇರುವ ಚೂರುಗಳು ಮಗುವಿನ ಕೌದಿಗೆ ಬೇಡ. ಅವು ಚರ್ಮಕ್ಕೆ ಚುಚ್ಚುತ್ತವೆ, ಕಿತ್ತುಬಂದರೆ ಬಾಯಿಗೆ ಹೋಗುತ್ತವೆ. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಕೌದಿಯಾಗಲೀ ಬ್ಲಾಂಕೆಟ್ ಆಗಲೀ ಹೊದಿಸಿ ಬಿಟ್ಟುಹೋಗಬೇಡಿ, ಮುಖದ ಮೇಲೆ ಸರಿದರೆ ಉಸಿರಿಗೆ ಅಪಾಯ. ಮಗು ಎಚ್ಚರವಿರುವಾಗ ನೆಲದ ಮೇಲೆ ಹಾಸಿ ಆಡಿಸಲು, ಕಣ್ಣೆದುರಲ್ಲಿ ಬಿಸಿಲು ಕಾಯಿಸಲು ಕೌದಿಯಷ್ಟು ಹಿತವಾದದ್ದು ಇನ್ನೊಂದಿಲ್ಲ. "ಚಳಿಗೆ ಚಳ್ಳಕೆರೆ ಕಂಬಳಿ, ಸೆಕೆಗೆ ಕೌದಿ" ಎನ್ನುತ್ತಾರೆ ನಮ್ಮ ಅಮ್ಮಿ. ಹತ್ತಿ ಬೆವರು ಹೀರುತ್ತದೆ, ನೈಲಾನ್ ತುಪ್ಪಟದ ಬ್ಲಾಂಕೆಟ್‌ಗೆ ಆ ಗುಣವಿಲ್ಲ.

ಕೌದಿ ಬಡತನದ ಗುರುತೆಂದು ತಿಳಿದವರಿಗೆ ಇನ್ನೊಂದು ಸಂಗತಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಇಂಥದೇ ಕೌದಿ ಹೊಲಿಯುತ್ತಾರೆ. ಅವರು ಅದನ್ನು 'ಕವಂದ್' ಎನ್ನುತ್ತಾರೆ. ಇವರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ. ಅವರೂ ಅಂಚಿನಿಂದ ನಡುವಿಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಚಿ ಮಾಡಿದ ಮುಕ್ಕೋನದ 'ಫೂಲ್' ಇಡುತ್ತಾರೆ. ಹೂವಿಲ್ಲದ ಕವಂದ್ ಅವರ ಕಣ್ಣಿಗೆ ಬೋಳು. 2004ರಲ್ಲಿ ಈ ಮಹಿಳೆಯರ ಸಹಕಾರ ಸಂಘವೊಂದು ಆರಂಭವಾಯಿತು. ಅವರ ಕವಂದ್‌ಗಳು ಅಮೆರಿಕದಲ್ಲೂ ಪ್ರದರ್ಶನಗೊಂಡಿವೆ. ಹರಿದ ಸೀರೆಯ ಚೂರನ್ನು ದೂರದ ದೇಶದವರು ಗೋಡೆಗೆ ಹಾಕಿ ನಿಂತು ನೋಡುತ್ತಾರೆ, ನಾವು ಮಗುವಿಗೆ ಕೊಡಲು ನಾಚುತ್ತೇವೆ! ನಿಮ್ಮ ಕೌದಿಯ ಮೂಲೆಗಳಿಗೂ ಅಂಥ ಹೂ ಇಟ್ಟುನೋಡಿ.

ಎರಡನೆಯದು: ಈದಿ ಬಟುವಾ

ಇದನ್ನು ಹತ್ತು ವರ್ಷದ ಮಗುವೂ ಕೈಹೊಲಿಗೆಯಲ್ಲೇ ಮಾಡಬಹುದು. 5 ಇಂಚು ಅಗಲ, 10 ಇಂಚು ಉದ್ದದ ಎರಡು ಚೂರು ಬೇಕು. ಒಂದು ಮೇಲಿನದು, ಒಂದು ಅಸ್ತರಿ. ಎರಡರ ಒಳ್ಳೆಯ ಮುಖಗಳನ್ನು ಎದುರುಬದುರು ಇಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ ಸುತ್ತಲೂ ಹೊಲಿಯಿರಿ. ಒಂದು ಬದಿಯಲ್ಲಿ 2 ಇಂಚು ಬಿಟ್ಟಿರಬೇಕು. ಆ ಬಾಯಿಯಿಂದ ಬಟ್ಟೆಯನ್ನು ತಿರುವಿಹಾಕಿ, ಬಾಯಿ ಮುಚ್ಚಿ ಹೊಲಿದು, ಇಸ್ತ್ರಿ ಮಾಡಿ. ಈಗ 4 ಇಂಚು ಅಗಲ, 9 ಇಂಚು ಉದ್ದದ ಪಟ್ಟಿ ನಿಮ್ಮ ಕೈಯಲ್ಲಿದೆ. ಕೆಳಗಿನಿಂದ ಮೂರೂವರೆ ಇಂಚು ಮೇಲಕ್ಕೆ ಮಡಚಿ ಎರಡೂ ಬದಿ ಹೊಲಿಯಿರಿ, ಜೇಬಾಯಿತು. ಉಳಿದ 2 ಇಂಚು ಮುಚ್ಚಳ. ಅದಕ್ಕೊಂದು ಒತ್ತುಗುಂಡಿ ಹಾಕಿ. 500ರ ನೋಟಾದರೂ ಒಂದೇ ಮಡಿಕೆಯಲ್ಲಿ ಕೂರುತ್ತದೆ. ಬಿಳಿ ಲಕೋಟೆಯಲ್ಲಿ ಕೊಟ್ಟ ಈದಿಯನ್ನು ಮಕ್ಕಳು ಹರಿದು ಎಸೆಯುತ್ತಾರೆ. ಈ ಬಟುವಾ ಮುಂದಿನ ವರ್ಷದ ಈದಿಗೂ ಬರುತ್ತದೆ. ಓದಲು ಹೋಗುವ ಹುಡುಗಿಗೆ ಬಸ್ಸಿನ ಚಿಲ್ಲರೆಗೂ ಆಗುತ್ತದೆ.

ಮೂರನೆಯದು: ಕ್ರೋಶಾ ಟೋಪಿ

ಸಂತೆ ಅಂಗಡಿಯಲ್ಲೂ ಟೋಪಿ ಸಿಗುತ್ತದೆ ನಿಜ. ಆದರೆ ಮದುಮಗನಿಗೋ ಮದ್ರಸಾಕ್ಕೆ ಮೊದಲು ಹೊರಟ ಮಗನಿಗೋ ಕೈಹೆಣಿಗೆಯ ಟೋಪಿ ಕೊಡುವ ಸಂತೋಷವೇ ಬೇರೆ. 20ನೇ ನಂಬರಿನ ಬಿಳಿ ಹತ್ತಿ ದಾರ ಮತ್ತು ಸಣ್ಣ ಕ್ರೋಶಾ ಕಡ್ಡಿ ತೆಗೆದುಕೊಳ್ಳಿ. ಕೆಲವು ಚೈನ್ ಹೆಣೆದು ಉಂಗುರ ಮಾಡಿ, ಅದರೊಳಗೆ 12 ಖಂಬ ಹಾಕಿ. ಎರಡನೇ ಸುತ್ತಿಗೆ 24, ಮೂರನೆಯದಕ್ಕೆ 36, ಹೀಗೆ ಸುತ್ತಿಗೆ 12ರಂತೆ ಹೆಚ್ಚಿಸುತ್ತಾ ಹೋದರೆ ನೆತ್ತಿ ಚಪ್ಪಟೆಯಾಗಿ ಕೂರುತ್ತದೆ. ನೆತ್ತಿ ಬಟ್ಟಲಿನಂತೆ ಮುದುಡಿದರೆ ಖಂಬ ಕಡಿಮೆಯಾಗಿದೆ ಎಂದರ್ಥ, ಅಂಚು ಅಲೆಅಲೆಯಾದರೆ ಹೆಚ್ಚಾಗಿದೆ.

ಎಲ್ಲಿಯವರೆಗೆ ಹೆಚ್ಚಿಸಬೇಕು? ತಲೆಯ ಸುತ್ತಳತೆಯನ್ನು 3.14ರಿಂದ ಭಾಗಿಸಿ. ತಲೆ 22 ಇಂಚಿದ್ದರೆ ನೆತ್ತಿಯ ಅಡ್ಡಳತೆ 7 ಇಂಚು. ಮಗುವಿನ ತಲೆ 20 ಇಂಚಿದ್ದರೆ ಸುಮಾರು 6.4 ಇಂಚು. ಅಷ್ಟಾದ ಮೇಲೆ ಹೆಚ್ಚಿಸದೆ ನೇರವಾಗಿ ಎರಡೂವರೆಯಿಂದ ಮೂರು ಇಂಚು ಗೋಡೆ ಹೆಣೆಯಿರಿ. ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ ಯಾವುದಕ್ಕೆ ಬರುತ್ತದೆಂದು ಕೇಳುವ ಮಕ್ಕಳಿಗೆ ಈ ಟೋಪಿಯನ್ನೇ ತೋರಿಸಿ.

ಉಡುಗೊರೆಯೋ, ಕೂಲಿಯಿಲ್ಲದ ದುಡಿಮೆಯೋ?

ಇನ್ನು ಕೊನೆಯ ಮಾತು. ಇದನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗದು.

ಅಮ್ಮಿ ಹೊಲಿಯುತ್ತಿದ್ದ ಕೌದಿಯನ್ನು ನೋಡಿದ ಪರಿಚಯದ ಮಹಿಳೆಯೊಬ್ಬರು "ನಮ್ಮ ಸೊಸೆಗೂ ಒಂದು ಹೊಲಿದುಕೊಡಿ. ಮನೇಲೇ ಇರ್ತೀರಲ್ಲ, ಮುನ್ನೂರು ಕೊಡ್ತೀನಿ" ಎಂದರು. ಅಮ್ಮಿ ತಲೆಯಾಡಿಸುವುದರಲ್ಲಿದ್ದರು. ಭಾಬಿ ಅಡುಗೆಮನೆಯಿಂದ ಬಂದು, "ಅಮ್ಮೀ, ಸ್ವಲ್ಪ ತಡೀರಿ" ಎಂದು ಲೆಕ್ಕ ಹೇಳಿದರು. ಒಂದು ಕೌದಿಗೆ ದಿನಕ್ಕೆ ಎರಡು ಗಂಟೆಯಂತೆ ಹದಿನೆಂಟು ದಿನ ಹಿಡಿದಿತ್ತು. ಒಟ್ಟು 36 ಗಂಟೆ. ಎಂಟು ಗಂಟೆಗೆ ಒಂದು ದಿನವೆಂದರೆ ನಾಲ್ಕೂವರೆ ದಿನದ ಕೆಲಸ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಆ ಲೆಕ್ಕದಲ್ಲೇ ಕೂಲಿ 1,665 ರೂಪಾಯಿ ಆಗುತ್ತದೆ. ದಾರ, ಬಟ್ಟೆ ಬೇರೆ. ಬಂದವರು "ಅಷ್ಟೊಂದಾ!" ಎಂದು ಎದ್ದುಹೋದರು. ಅಮ್ಮಿಗೆ ಬೇಸರವಾಯಿತು. "ಮುಖಕ್ಕೆ ಹೊಡೆದ ಹಾಗೆ ಹೇಳ್ಬಿಟ್ಟೆಯಲ್ಲ" ಎಂದರು.

ಭಾಬಿ ಒಂದು ಪುಸ್ತಕ ತಂದು ತೋರಿಸಿದರು. ಅದರಲ್ಲಿ ಎರಡು ಸಾಲು. ಒಂದರ ತಲೆಯ ಮೇಲೆ 'ಕೊಟ್ಟಿದ್ದು', ಇನ್ನೊಂದರ ಮೇಲೆ 'ಕೆಲಸ'. "ನಾನಾಗಿ ಮನಸ್ಸಿಟ್ಟು ಕೊಟ್ಟಿದ್ದಕ್ಕೆ ಒಂದು ಪೈಸೆ ಕೇಳಲ್ಲ. ಬೇರೆಯವರು ಕೇಳಿ ಮಾಡಿಸಿಕೊಂಡದ್ದು ಕೆಲಸ. ಎರಡನ್ನೂ ಬೆರೆಸಿದ್ದಕ್ಕೇ ಐದು ವರ್ಷ ಈ ಮೆಷಿನ್ನಿಂದ ಏನೂ ಉಳೀಲಿಲ್ಲ. ಸೀರೆ ಫಾಲ್ಸ್, ಕುಚ್ಚು, ಬ್ಲೌಸ್ ಸಡಿಲ ಮಾಡೋದು, ಎಲ್ಲ 'ನಿನಗೇನು, ಮನೇಲೇ ಇರ್ತೀಯ' ಅಂತಲೇ ಹೋಯ್ತು" ಎಂದರು. ಈಗ ಆ ಎರಡನೇ ಸಾಲಿನ ಹಣದಿಂದಲೇ ಮಗಳ ಶಾಲೆಯ ಫೀಸು ಹೋಗುತ್ತಿದೆ.

ಕೆಲಸಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಉಪದೇಶ ನಮಗೆಲ್ಲ ಗೊತ್ತು. ಗಾರೆಯವನಿಗೆ, ಹಮಾಲಿಗೆ ಅದನ್ನು ಅನ್ವಯಿಸುತ್ತೇವೆ. ಪಕ್ಕದ ಮನೆಯಲ್ಲಿ ಹೊಲಿಯುವ ಸಹೋದರಿಗೆ ಏಕೆ ಅನ್ವಯಿಸುವುದಿಲ್ಲ? ಉಮ್ಮುಲ್ ಮೂಮಿನೀನ್ ಝೈನಬ್ ಬಿಂತ್ ಜಹ್ಶ್(ರ) ಅವರು ಕೈಗೆಲಸದಲ್ಲಿ ನಿಪುಣೆಯಾಗಿದ್ದರು. ಚರ್ಮ ಹದಮಾಡಿ, ಹೊಲಿದು, ಬಂದದ್ದನ್ನು ದಾನ ಮಾಡುತ್ತಿದ್ದರು. ಅವರು ಅಷ್ಟು ದಾನ ಮಾಡಲು ಸಾಧ್ಯವಾದದ್ದು ಅವರ ದುಡಿಮೆಗೆ ಬೆಲೆ ಸಿಕ್ಕಿದ್ದರಿಂದಲೇ ಅಲ್ಲವೇ?

ಆದ್ದರಿಂದ ನೀವೂ ಒಂದು ಪುಸ್ತಕ ಇಡಿ. ಎಷ್ಟು ಗಂಟೆ, ಎಷ್ಟು ದಾರ ಎಂದು ಬರೆದಿಡಿ. ಪ್ರೀತಿಯವರಿಗೆ ಧಾರಾಳವಾಗಿ ಕೊಡಿ, ಕೆಲಸಕ್ಕೆ ನ್ಯಾಯವಾದ ಬೆಲೆ ಕೇಳಿ. ಬೇರೆಯವರಿಂದ ಹೊಲಿಸಿಕೊಳ್ಳುವಾಗ ಅದೇ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಡಿ.

ಅಣ್ಣನ ಮಗಳ ಕಥೆ ಏನಾಯಿತೆಂದು ಕೇಳುವಿರಿ. ಹಿರಿಯೂರಿನ ಬಸ್ಸಿನಲ್ಲಿ ಕೌದಿಯ ಗಂಟನ್ನು ಅವಳೇ ತೊಡೆಯ ಮೇಲಿಟ್ಟುಕೊಂಡು ಹೋದಳು. ಅಲ್ಲಿ ಮೂರು ಹೊಸ ಬ್ಲಾಂಕೆಟ್‌ಗಳು ಬಂದಿದ್ದವು. ಮೂರೂ ಬೀರು ಸೇರಿದ್ದವು, ಅಷ್ಟು ಸೆಕೆ. ಖಾಲಾ ಕೌದಿಯನ್ನು ಹಾಸಿ ಮಗುವನ್ನು ಮಲಗಿಸಿ, ಒಂದು ಮೂಲೆಯನ್ನು ಮುಟ್ಟಿ, "ಈ ಸೊಟ್ಟ ಹೊಲಿಗೆ ಯಾರದು?" ಎಂದು ಕೇಳಿದರಂತೆ. "ನಂದು" ಎಂದಳಂತೆ.

ಈ ರಜೆಯಲ್ಲಿ ನಿಮ್ಮ ಮನೆಯ ಮಕ್ಕಳ ಕೈಗೂ ಒಂದು ಸೂಜಿ ಕೊಡಿ. ಹೊಲಿಗೆ ಸೊಟ್ಟಗಾದರೆ ಬಿಚ್ಚಬೇಡಿ.